ಕತ್ತಲೆ ಬೇಕಿದ್ದರೆ ಹಾನಗಲ್ ಬಸ್ ಹತ್ತಿ

ಬೆಂಗಳೂರಿನಲ್ಲಿ ಈಗ ಕತ್ತಲೆಗೂ ಟಿಕೆಟ್ ಇದೆ. ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಊಟ ಅವರದೇ, ಫಿಲ್ಟರ್ ಕಾಫಿ ಅವರದೇ. ಕೆಂಪು ದೀಪದ ಕೆಳಗೆ ನಿಂತು ಒಂದು ಕಪ್ಪು-ಬಿಳುಪು ಫೋಟೋ ನೀವೇ ತೊಳೆದು ಮನೆಗೆ ಒಯ್ಯಬಹುದು. ಪೋಸ್ಟರ್ ತುಂಬ ಒಂದೇ ಮಾತು: ನಿಧಾನವಾಗಿ ಬದುಕಿ, ಮೊಬೈಲ್ ಮರೆಯಿರಿ, ನಿಮ್ಮನ್ನು ನೀವು ಕಂಡುಕೊಳ್ಳಿ. ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಇಂಥದ್ದೊಂದು ಬಂದಾಗ ಹತ್ತು ನಿಮಿಷದೊಳಗೆ ಹನ್ನೊಂದು ಜನ ಹೆಸರು ಕೊಟ್ಟರು. ನಾನೂ ಹೋಗಿ ನೋಡಿಕೊಂಡು ಬಂದೆ. ನಡೆಸಿದವರ ಹೆಸರು ಬೇಡ, ಕಲಿಸಿದ ಹುಡುಗ ಒಳ್ಳೆಯವನೇ. ಸಂಜೆ ಎಲ್ಲರ ಕೈಯಲ್ಲೂ ಒಂದೊಂದು ಪ್ರಿಂಟ್ ಇತ್ತು, ಎಲ್ಲರ ಸ್ಟೇಟಸ್‌ನಲ್ಲೂ ಕೆಂಪು ದೀಪ ಇತ್ತು. ಪ್ರಿಂಟ್ ಮಾಡುವುದು ಮಾತ್ರ ಒಬ್ಬರಿಗೂ ಬಂದಿರಲಿಲ್ಲ.

ಡಾರ್ಕ್‌ರೂಮ್ ಕಲಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಕಲಿಯಿರಿ, ಚೆನ್ನಾಗಿ ಕಲಿಯಿರಿ. ಆದರೆ ಅದನ್ನು ಸ್ಪಾ ಥರ ಮಾರುವುದನ್ನು, ನಾವು ಸ್ಪಾ ಥರ ಕೊಳ್ಳುವುದನ್ನು ಇನ್ನು ನಿಲ್ಲಿಸೋಣ. ಅದೊಂದು ಕಸುಬು. ಆ ಕಸುಬು ಬಲ್ಲವರು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ತಾಲೂಕು ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಅಟ್ಟದ ಮೇಲೆ ನಮ್ಮ ಅಜ್ಜ-ಅಜ್ಜಿಯರ ಮುಖಗಳು ಡಬ್ಬಿಗಳಲ್ಲಿ ಕೊಳೆಯುತ್ತಿವೆ. ಇದನ್ನೆಲ್ಲ ಹಿಂದೆ ಬಿಟ್ಟು ರಾಜಧಾನಿಯಲ್ಲಿ ಕತ್ತಲೆ ಕೊಳ್ಳುವುದು, ಮನೆಯಲ್ಲಿ ಬಾವಿ ಇಟ್ಟುಕೊಂಡು ಬಾಟಲಿ ನೀರಿಗೆ ಸಾಲು ನಿಂತ ಹಾಗೆ.

ಆ ಶನಿವಾರ ನಮಗೆ ಕೊಟ್ಟದ್ದು ಮೊದಲೇ ಆರಿಸಿಟ್ಟ ನೆಗೆಟಿವ್. ಕೆಮಿಕಲ್ ಕಲಸಿಟ್ಟಿತ್ತು. ಎನ್‌ಲಾರ್ಜರ್ ಹೊಂದಿಸಿಟ್ಟಿತ್ತು. ಗೋಡೆಗೆ ಒಂದು ಚೀಟಿ ಅಂಟಿಸಿತ್ತು: ಎಂಟು ಸೆಕೆಂಡ್. ನಾವು ಗುಂಡಿ ಒತ್ತಿ ಎಂಟು ಎಣಿಸಿದೆವು, ಕಾಗದವನ್ನು ಟ್ರೇಯಲ್ಲಿ ಮುಳುಗಿಸಿದೆವು, ಚಿತ್ರ ಮೂಡಿದಾಗ ಬಾಯಿ ತೆರೆದೆವು. ಇದನ್ನು ಕಲಿಕೆ ಅನ್ನುವುದಾದರೆ ಟ್ಯುಟೋರಿಯಲ್‌ನಿಂದ ಹತ್ತು ಸಾಲು ಕಾಪಿ ಮಾಡಿ ರನ್ ಒತ್ತಿದವನನ್ನೂ ಇಂಜಿನಿಯರ್ ಅನ್ನಬೇಕಾಗುತ್ತದೆ. ಆ ಎಂಟು ಸೆಕೆಂಡ್ ಎಲ್ಲಿಂದ ಬಂತು? ಐದು ಯಾಕಲ್ಲ, ಹದಿನಾರು ಯಾಕಲ್ಲ? ವಿದ್ಯೆ ಇರುವುದೇ ಆ ಪ್ರಶ್ನೆಯಲ್ಲಿ. ಅದನ್ನೇ ಚೀಟಿ ಮಾಡಿ ಗೋಡೆಗೆ ಅಂಟಿಸಿಬಿಟ್ಟಿದ್ದರು.

ಗೊತ್ತಿಲ್ಲದವರಿಗೆ ಎರಡು ಮಾತು. ನೆಗೆಟಿವ್ ಅಂದರೆ ಉಲ್ಟಾ ಚಿತ್ರ. ಬಿಳಿ ಕಪ್ಪಾಗಿ, ಕಪ್ಪು ಪಾರದರ್ಶಕವಾಗಿ ಇರುತ್ತದೆ. ಎನ್‌ಲಾರ್ಜರ್ ಅದರ ಮೂಲಕ ಬೆಳಕು ಹಾಯಿಸಿ, ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಬೀಳಿಸುತ್ತದೆ. ಎಷ್ಟು ಹೊತ್ತು ಬೀಳಿಸಬೇಕು ಅನ್ನುವುದನ್ನು ಯಾವ ಯಂತ್ರವನ್ನೂ ಕೇಳದೆ ತಿಳಿಯುವ ದಾರಿ ಇದೆ. ಕಾಗದದ ಒಂದು ಪಟ್ಟಿ ಕತ್ತರಿಸಿ, ಪೂರ್ತಿ ಪಟ್ಟಿಗೆ 2 ಸೆಕೆಂಡ್ ಬೆಳಕು ಕೊಡಿ. ಕಾಲುಭಾಗಕ್ಕೆ ರಟ್ಟು ಮುಚ್ಚಿ ಇನ್ನೊಂದು 2. ಅರ್ಧ ಮುಚ್ಚಿ 4. ಮುಕ್ಕಾಲು ಮುಚ್ಚಿ 8. ಈಗ ಒಂದೇ ಪಟ್ಟಿಯಲ್ಲಿ 2, 4, 8, 16 ಸೆಕೆಂಡಿನ ನಾಲ್ಕು ಮೆಟ್ಟಿಲು ಸಿಕ್ಕವು. ತೊಳೆದು ನೋಡಿದರೆ ಒಂದು ತೀರಾ ಬೆಳ್ಳಗೆ, ಒಂದು ಮಸಿ. ನಡುವೆ ಎಲ್ಲೋ ನಿಮ್ಮ ಫೋಟೋ ಇರುತ್ತದೆ. ಎಲ್ಲಿ ಅನ್ನುವುದನ್ನು ನೀವೇ ಹೇಳಬೇಕು. ಒದ್ದೆ ಇದ್ದಾಗ ಸರಿ ಕಂಡದ್ದು ಒಣಗಿದ ಮೇಲೆ ಒಂದು ಗುಂಜಿ ಕಪ್ಪಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಪ್ಪಿದರೆ ಅನ್‌ಡೂ ಇಲ್ಲ. ಹಾಳೆ ಹೋಯಿತು, ಹಾಳೆಗೆ ಕೊಟ್ಟ ದುಡ್ಡೂ ಹೋಯಿತು. ನೂರು ಹಾಳೆ ಹೋದಮೇಲೆ ನೆಗೆಟಿವ್ ಅನ್ನು ಬಲ್ಬಿಗೆ ಹಿಡಿದು ನೋಡಿದರೆ ಸಾಕು, ಸೆಕೆಂಡ್ ತಾನಾಗಿ ಬಾಯಿಗೆ ಬರುತ್ತದೆ. ಪ್ರಿಂಟ್ ಬರುತ್ತದೆ ಅಂದರೆ ಇದು.

ಈ ನಾಲ್ಕು ಊರುಗಳ ಪೈಕಿ ಒಂದರಲ್ಲಿ ಒಬ್ಬ ಕಾಕಾ ಇದ್ದಾರೆ. ಊರು ಯಾವುದು ಅಂತ ಹೇಳುವುದಿಲ್ಲ, ಅವರಿಗೆ ಸುದ್ದಿಯಾಗುವ ಹಂಬಲ ಇಲ್ಲ. ವಯಸ್ಸು ಎಪ್ಪತ್ತರ ಆಸುಪಾಸು. ಬಸ್ ಸ್ಟ್ಯಾಂಡ್ ಹತ್ತಿರದ ಅವರ ಸ್ಟುಡಿಯೋದಲ್ಲಿ ಈಗ ಮಗ ಜೆರಾಕ್ಸ್, ಆಧಾರ್ ಲ್ಯಾಮಿನೇಷನ್ ಮಾಡುತ್ತಾನೆ. ಹಿಂದೆ ಅಲ್ಲಿ ಗುಡ್ಡ, ಕೊಳ, ಹಂಸ ಬರೆದ ಪರದೆ ಇತ್ತು. ಒಂದು ಸ್ಟೂಲು, ಒಂದು ಪ್ಲಾಸ್ಟಿಕ್ ಹೂವಿನ ಕುಂಡ, ಗೋಡೆಗೊಂದು ಕನ್ನಡಿ, ಬಾಚಣಿಕೆ, ಪೌಡರ್ ಡಬ್ಬಿ, ಯಾರು ಬೇಕಾದರೂ ತೊಟ್ಟುಕೊಳ್ಳಬಹುದಾದ ಒಂದು ಕೋಟು. ಪರದೆಯ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟ ಸಣ್ಣ ಬಾಗಿಲು. ಕರ್ನಾಟಕದ ಯಾವ ತಾಲೂಕು ಊರಿನಲ್ಲಿ ಬೆಳೆದವರಿಗೂ ಈ ಅಂಗಡಿ ಗೊತ್ತು. ಆ ಸಣ್ಣ ಬಾಗಿಲಿನ ಆಚೆ ಏನಿತ್ತು ಅನ್ನುವುದು ಮಾತ್ರ ನಮಗೆ ಗೊತ್ತಿರಲಿಲ್ಲ.

ಅವರು ನನಗೆ ಹೇಳಿದ ಮೊದಲ ಪಾಠ ರುಮಾಲಿನದು. ನಮ್ಮ ಕಡೆಯ ರೈತನ ವೇಷ ನೆನಪು ಮಾಡಿಕೊಳ್ಳಿ: ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಬಿಳಿ ರುಮಾಲು, ಅದರ ಕೆಳಗೆ ಬಿಸಿಲಿಗೆ ಕಾದ ಕಪ್ಪು ಮುಖ. ಪ್ರಿಂಟ್ ಮಾಡುವವನಿಗೆ ಇದಕ್ಕಿಂತ ಕಷ್ಟದ ಗಿರಾಕಿ ಇಲ್ಲ. ಮುಖ ನೋಡಿ ಸೆಕೆಂಡ್ ಕೊಟ್ಟರೆ ರುಮಾಲು ಸುಣ್ಣದ ಮುದ್ದೆ ಆಗುತ್ತದೆ. ರುಮಾಲಿನ ಮಡಿಕೆ ಕಾಣಲಿ ಅಂತ ಸೆಕೆಂಡ್ ಹೆಚ್ಚಿಸಿದರೆ ಮುಖ ಇದ್ದಿಲು.

"ತಮ್ಮಾ, ಫೋಟೋ ತಗಿಯೋದು ಯಾರರೆ ತಗಿತಾರ. ರುಮಾಲ ಮತ್ತ ಮಾರಿ ಎರಡನ್ನೂ ಒಂದ ಕಾಗದದಾಗ ತರೋದೈತಲ್ಲ, ಅದು ಕಸಬು."

ಹೇಗೆ ತರುತ್ತಿದ್ದರು? ಬೆಳಕು ಬೀಳುವಾಗ ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಮುಖದ ಮೇಲೆ ಆಡಿಸುತ್ತ ಅದರ ಪಾಲಿನ ಬೆಳಕು ತಡೆಯುವುದು. ಆಮೇಲೆ ರಟ್ಟಿನಲ್ಲಿ ತೂತು ಮಾಡಿ ರುಮಾಲಿಗೆ ಮಾತ್ರ ಇನ್ನಷ್ಟು ಬೆಳಕು ಕುಡಿಸುವುದು. ಬಿಲ್ಲೆ ಒಂದು ಕ್ಷಣ ನಿಂತರೂ ಮುಖದ ಸುತ್ತ ಪ್ರಭಾವಳಿ ಮೂಡುತ್ತದೆ, ಹಾಗಾಗಿ ಕೈ ಅಲುಗುತ್ತಲೇ ಇರಬೇಕು. ಇಷ್ಟಾದರೂ ಮಡಿಕೆ ಬರದಿದ್ದರೆ ಡೆವಲಪರ್‌ನಲ್ಲಿ ಮುಳುಗಿದ ಕಾಗದದ ಆ ಜಾಗವನ್ನು ಬೆರಳಿನಿಂದ ತಿಕ್ಕುವುದು. ಬೆರಳಿನ ಬಿಸಿಗೆ ಅಲ್ಲಿ ಕೆಲಸ ಜೋರಾಗುತ್ತದೆ. ಕಾಂಟ್ರಾಸ್ಟ್‌ಗೆ ತಕ್ಕಂತೆ ಬೇರೆ ಬೇರೆ ಗ್ರೇಡಿನ ಕಾಗದ ಬರುತ್ತಿತ್ತು, ನಿಜ. ಆದರೆ ತಾಲೂಕಿನ ಸ್ಟುಡಿಯೋಕ್ಕೆ ಎಲ್ಲ ಗ್ರೇಡಿನ ಪ್ಯಾಕೆಟ್ ಇಟ್ಟುಕೊಳ್ಳುವಷ್ಟು ಬಂಡವಾಳ ಎಲ್ಲಿಯದು? ಇದ್ದ ಒಂದೇ ಗ್ರೇಡಿನಲ್ಲಿ ಎಲ್ಲ ಜಾತಿಯ ನೆಗೆಟಿವ್ ಹೊಂದಿಸಬೇಕಿತ್ತು. ಆನ್ಸೆಲ್ ಆಡಮ್ಸ್‌ನ 'ದಿ ಪ್ರಿಂಟ್' ದೊಡ್ಡ ಪುಸ್ತಕ, ತರಿಸಿ ಓದಿ. ಆದರೆ ಹಿರೇಕೆರೂರು ಸಂತೆಯಿಂದ ಬಂದು ಕೂತ ಗೌಡರ ರುಮಾಲು ಅದರಲ್ಲಿ ಇಲ್ಲ. ಅದು ಈ ಕಾಕಾಗಳ ಬೆರಳಲ್ಲಿದೆ.

ಈಗ 'ನಿಧಾನ'ದ ಮಾತಿಗೆ ಬರೋಣ. ಡಾರ್ಕ್‌ರೂಮ್ ನಿಧಾನದ ಕಲೆಯಂತೆ. ಯಾರು ಹೇಳಿದರು? ಸ್ಕಾಲರ್‌ಶಿಪ್ ಅರ್ಜಿ ಕೊಡಲು ನಾಳೆ ಕಡೆಯ ದಿನ, ಒಂದು ಕ್ಲಾಸಿನ ಹುಡುಗರೆಲ್ಲ ಒಟ್ಟಿಗೆ ಬಂದು ಕೂತಿದ್ದಾರೆ, ಹಳ್ಳಿಗೆ ಕಡೇ ಬಸ್ ಇರುವುದು ಸಂಜೆಗೆ. ಅಷ್ಟರೊಳಗೆ ತಲೆಗೆ ಮೂರರಂತೆ ಪಾಸ್‌ಪೋರ್ಟ್ ಸೈಜ್ ಫೋಟೋ ತೊಳೆದು, ಒಣಗಿಸಿ, ಕತ್ತರಿಸಿ, ಕವರ್‌ಗೆ ಹಾಕಿ ಕೊಡಬೇಕು. ಕರೆಂಟ್ ಹೋದರೆ ಎಲ್ಲ ನಿಂತಿತು. ಕರೆಂಟ್ ಬಂದ ಹೊತ್ತಿನಲ್ಲಿ, ಅದು ರಾತ್ರಿ ಎರಡಾದರೂ, ಎದ್ದು ನಿಲ್ಲಬೇಕು. "ನಿಧಾನ ಮಾಡಿದ್ರ ಗಿರಾಕಿ ಬಾಜೂ ಅಂಗಡಿಗೆ ಹೊಕ್ಕಿದ್ದ" ಅಂತ ಕಾಕಾ ನಕ್ಕರು. ನಮ್ಮ ಡೆಡ್‌ಲೈನ್ ಮರೆಯಲು ನಾವು ಹೋಗುವ ಕೋಣೆ ಇನ್ನೊಬ್ಬರ ಡೆಡ್‌ಲೈನಿನ ಕೋಣೆಯಾಗಿತ್ತು.

ಬೇಸಿಗೆಯಲ್ಲಿ ಇನ್ನೊಂದು ಫಜೀತಿ. ಡೆವಲಪರ್‌ಗೆ ಪುಸ್ತಕ ಹೇಳುವ ಉಷ್ಣತೆ 20 ಡಿಗ್ರಿ. ಏಪ್ರಿಲ್‌ನಲ್ಲಿ ಸವಣೂರಿನಲ್ಲಿ 20 ಡಿಗ್ರಿ ಎಲ್ಲಿಂದ ತರುತ್ತೀರಿ? ನೀರು ಬಿಸಿಯಾದರೆ ಚಿತ್ರ ಹಿಡಿತ ತಪ್ಪಿ ಕಪ್ಪಾಗುತ್ತದೆ, ಬಿಳಿ ಜಾಗ ಮಬ್ಬಾಗುತ್ತದೆ, ಕಾಗದದ ಮೇಲಿನ ಜೆಲಾಟಿನ್ ಮೆತ್ತಗಾಗುತ್ತದೆ. ಅದಕ್ಕೇ ರಾತ್ರಿ ಕೆಲಸ, ಮಣ್ಣಿನ ಹರವಿಯ ನೀರು, ಟ್ರೇ ಕೆಳಗೆ ಒದ್ದೆ ಗೋಣಿಚೀಲ. ಡೆವಲಪರ್ ಕೂಡ ಬಾಟಲಿಯಲ್ಲಿ ಬರುತ್ತಿರಲಿಲ್ಲ. ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಸೋಡಿಯಂ ಕಾರ್ಬೊನೇಟ್ 67.5, ಪೊಟ್ಯಾಸಿಯಂ ಬ್ರೋಮೈಡ್ 2. ಇದು ಕೊಡಕ್ ಕಂಪನಿಯ ಡಿ-72 ಸೂತ್ರ, ಜಗತ್ತಿಗೆಲ್ಲ ಗೊತ್ತಿರುವಂಥದ್ದು. ಶಾಲೆಯಲ್ಲಿ ರಸಾಯನಶಾಸ್ತ್ರ ಓದದ ಕಾಕಾ ಇದನ್ನು ಬಾಯಿಪಾಠ ಹೇಳುತ್ತಾರೆ. ಬಿ.ಇ. ಮಾಡಿದ ನಾನು ಹೈಡ್ರೋಕ್ವಿನೋನ್ ಹೆಸರು ಸರಿಯಾಗಿ ಕೇಳಿಸಿಕೊಂಡದ್ದೇ ಅವರ ಬಾಯಲ್ಲಿ.

ಎರಡನೆಯ ಸುಳ್ಳು 'ಪ್ರಾಮಾಣಿಕತೆ'. ಫಿಲ್ಮ್ ಸುಳ್ಳು ಹೇಳುವುದಿಲ್ಲ, ಮೊಬೈಲ್ ಫಿಲ್ಟರ್ ಹೇಳುತ್ತದೆ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಬರೆಯುವವರು ಒಮ್ಮೆ ಹಳೆ ಸ್ಟುಡಿಯೋದ ರಿಟಚಿಂಗ್ ಮೇಜು ನೋಡಬೇಕು. ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೇ ಗುಳಿ ತುಂಬಿಸುತ್ತಿದ್ದರು, ಮೊಡವೆ ಅಳಿಸುತ್ತಿದ್ದರು, ಕಣ್ಣ ಕೆಳಗಿನ ಕಪ್ಪು ತೆಗೆಯುತ್ತಿದ್ದರು. ವರನ ಕಡೆಯವರಿಗೆ ಕಳಿಸುವ ಫೋಟೋ ಅಂದರೆ ಕೇಳುವುದೇ ಬೇಡ. "ಹುಡುಗಿ ಫೋಟೋ ಅಂದ್ರ ಮಾರಿ ಮ್ಯಾಲ ಎರಡು ಸೆಕೆಂಡ ಜಾಸ್ತಿ ಬಿಲ್ಲಿ ಆಡಸೋದು. ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ." ಬಣ್ಣದ ಹುಚ್ಚು ಆ ಕತ್ತಲೆ ಕೋಣೆಯಲ್ಲೂ ಇತ್ತು. ಡಾರ್ಕ್‌ರೂಮ್ ಕಲಿತರೆ ಸಿಗುವುದು ಸತ್ಯದ ಸಾಕ್ಷಾತ್ಕಾರ ಅಲ್ಲ; ಪ್ರತಿ ಫೋಟೋದಲ್ಲೂ ಯಾರದೋ ಕೈ ಇರುತ್ತದೆ ಅನ್ನುವ ತಿಳಿವಳಿಕೆ. ಇವತ್ತು ಕಂಪ್ಯೂಟರ್ ಹುಟ್ಟಿಸುವ ಚಿತ್ರಗಳ ನಡುವೆ ಬದುಕುವ ನಮಗೆ ಬೇಕಿರುವುದೂ ಆ ತಿಳಿವಳಿಕೆಯೇ.

ಇನ್ನು ಹಳೇ ಫೋಟೋದ ಹಳದಿ. ಅದೇ ಬಣ್ಣದ ಫಿಲ್ಟರ್ ಹಾಕಿಕೊಂಡು ನಾವು ಭಾವುಕರಾಗುತ್ತೇವೆ. ಆ ಹಳದಿ ಅನೇಕ ಸಲ ಕಾಲದ ಮಹಿಮೆ ಅಲ್ಲ, ಅರೆಬರೆ ತೊಳೆದದ್ದರ ಫಲ. ಬೆಳಕು ಬೀಳದ ಬೆಳ್ಳಿ ಲವಣವನ್ನು ಕಾಗದದಿಂದ ತೆಗೆಯುವುದು ಹೈಪೋ. ಅದಕ್ಕೆ ಆ ಗುಣ ಇದೆ ಅಂತ ಜಾನ್ ಹರ್ಷಲ್ 1819ರಲ್ಲೇ ಕಂಡುಹಿಡಿದಿದ್ದ. ಆದರೆ ಕೆಲಸ ಮುಗಿದ ಮೇಲೆ ಹೈಪೋ ಕೂಡ ಕಾಗದದಿಂದ ಹೋಗಬೇಕು. ದಪ್ಪ ಕಾಗದವಾದರೆ ಒಂದು ತಾಸು ಹರಿಯುವ ನೀರಿನಲ್ಲಿ ತೊಳೆಯಬೇಕು. ನೀರನ್ನು ಕೊಡದಲ್ಲಿ ಹೊತ್ತು ತರುವ ಊರಿನಲ್ಲಿ ಒಂದು ತಾಸು ಹರಿಸಲು ನೀರೆಲ್ಲಿ? ಉಳಿದ ಹೈಪೋ ವರ್ಷಗಟ್ಟಲೆ ಕೂತು ಬೆಳ್ಳಿಯನ್ನು ತಿನ್ನುತ್ತದೆ. ನಾವು ನಾಸ್ಟಾಲ್ಜಿಯಾ ಅಂತ ಕರೆಯುವ ಬಣ್ಣದಲ್ಲಿ ಒಂದು ಪಾಲು ನೀರಿನ ಬರ.

ಹೀಗಂತ ನಾನು ಆ ಕಾಲವನ್ನೂ ಹೊಗಳುತ್ತಿಲ್ಲ. ಸ್ಟುಡಿಯೋಕ್ಕೆ ಸೇರಿದ ಹುಡುಗ ಮೊದಲು ಕಸ ಗುಡಿಸಬೇಕು, ಚಹಾ ತರಬೇಕು, ಟ್ರೇ ತೊಳೆಯಬೇಕು, ಪಗಾರ ಅಷ್ಟಕ್ಕಷ್ಟೆ. ಮೆಟಾಲ್‌ಗೆ ಕೈ ಚರ್ಮ ಕೆರೆದು ಬಿರಿಯುವುದು ಮಾಮೂಲು. ನಾನು ಕಂಡ ಯಾವ ಸ್ಟುಡಿಯೋದಲ್ಲೂ ಆ ಕಪ್ಪು ಬಟ್ಟೆಯ ಬಾಗಿಲು ದಾಟಿ ಕೆಲಸ ಕಲಿತ ಹೆಣ್ಣುಮಗಳಿರಲಿಲ್ಲ. ಇದನ್ನೆಲ್ಲ ಗುರುಕುಲ ಅಂತ ಹಾಡಬೇಡಿ. ಕಸುಬಿಗೆ ಮರ್ಯಾದೆ ಕೊಡೋಣ, ಕಸುಬಿನ ಹೆಸರಲ್ಲಿ ನಡೆದ ಅನ್ಯಾಯಕ್ಕೆ ಬೇಡ.

ಇಷ್ಟು ದುಡಿದವರ ಕೈಯಿಂದ ಕಸುಬು ಜಾರಿದ್ದು ಹೇಗೆ? ಮೊಬೈಲ್ ಬಂತು, ಡಾರ್ಕ್‌ರೂಮ್ ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ತಪ್ಪು. ನಮ್ಮ ಊರುಗಳ ಡಾರ್ಕ್‌ರೂಮ್ ಮೊಬೈಲ್ ಬರುವ ಹೊತ್ತಿಗೆ ಸತ್ತು ಬಹಳ ದಿನ ಆಗಿತ್ತು. ಕೊಂದದ್ದು ಕಲರ್ ಲ್ಯಾಬ್. ಮದುವೆ ಮನೆಯವರು ಬಣ್ಣದ ಫೋಟೋ ಕೇಳಿದರು. ಬಣ್ಣದ ರೋಲ್ ತೊಳೆಯಲು ಲಕ್ಷಗಟ್ಟಲೆ ಬೆಲೆಯ ಮಷೀನ್ ಬೇಕು, ಅದು ಇದ್ದದ್ದು ದೊಡ್ಡ ಊರಿನಲ್ಲಿ. ರೋಲ್‌ಗಳು ಬಸ್ ಹತ್ತಿ ಹುಬ್ಬಳ್ಳಿಗೆ ಹೋದವು, ಪ್ರಿಂಟ್ ಆಗಿ ವಾಪಸ್ ಬಂದವು. ಫೋಟೋ ತೆಗೆಯುವವನೂ ಪ್ರಿಂಟ್ ಮಾಡುವವನೂ ಒಬ್ಬನೇ ಆಗಿದ್ದ ಕಸುಬು ಅಲ್ಲಿಗೆ ಎರಡು ಹೋಳಾಯಿತು. ಕಾಕಾ ಬರೀ ಗುಂಡಿ ಒತ್ತುವವರಾದರು. ಇತ್ತ ಕಪ್ಪು-ಬಿಳುಪಿನ ಸರಕೂ ನಿಂತಿತು. 1960ರಲ್ಲಿ ಕೇಂದ್ರ ಸರ್ಕಾರ ಊಟಿಯಲ್ಲಿ ಕಟ್ಟಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಫಿಲ್ಮ್, ಕಾಗದ ಎರಡನ್ನೂ ಮಾಡುತ್ತಿತ್ತು. ಇಂದು ಅಂದರೆ ಚಂದ್ರ. ಬೆಳ್ಳಿಯ ಕಾಗದಕ್ಕೆ ಅದಕ್ಕಿಂತ ಒಳ್ಳೆ ಹೆಸರಿಲ್ಲ. ಆ ಕಾರ್ಖಾನೆಯೂ ಕಾಯಿಲೆ ಬಿದ್ದು ಕೊನೆಗೆ ಮುಚ್ಚಿತು. ಈಗ ಕಾಗದ ಬೇಕಿದ್ದರೆ ಇಂಗ್ಲೆಂಡಿನ ಇಲ್‌ಫರ್ಡ್ ಅಥವಾ ಜೆಕ್ ದೇಶದ ಫೋಮಾ. ಆಮದು ಸರಕು, ಆಮದಿನ ಬೆಲೆ.

ಕೆಲವರು ಕೇಳುತ್ತಾರೆ: ಸತ್ತದ್ದು ಸತ್ತಿತು, ಈಗೇನು? ಟೈಪ್‌ರೈಟರ್ ಹೋಯಿತು, ಟೇಪ್ ರೆಕಾರ್ಡರ್ ಹೋಯಿತು, ಇದೂ ಹೋಗಲಿ ಬಿಡಿ. ನಾನೂ ಯಂತ್ರಕ್ಕಾಗಿ ಅಳುವವನಲ್ಲ. ಆದರೆ ಟೈಪ್‌ರೈಟರ್ ಹೋದಾಗ ಅದರಲ್ಲಿ ಹೊಡೆದ ಕಾಗದ ಹೋಗಲಿಲ್ಲ. ಇಲ್ಲಿ ಹಾಗಲ್ಲ.

ನಮ್ಮ ಸೀಮೆಯ ಫೋಟೋ ಚರಿತ್ರೆ ಒಮ್ಮೆ ನೋಡಿ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಪುಸ್ತಕ ಬಂತು. ಫೋಟೋಗಳು ಡಾಕ್ಟರ್ ಪಿಗೌ, ನೀಲ್, ಕರ್ನಲ್ ಬಿಗ್ಸ್ ಅವರವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಆಮೇಲೆ ಪುರಾತತ್ವ ಇಲಾಖೆಯ ಹೆನ್ರಿ ಕೌಸೆನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಬರೆದ ಪುಸ್ತಕ 1926ರಲ್ಲಿ ಪ್ರಕಟವಾಯಿತು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರ, ರಟ್ಟಿಹಳ್ಳಿ ಎಲ್ಲ ಅದರಲ್ಲಿವೆ. ಇವರೆಲ್ಲ ದೊಡ್ಡ ಕೆಲಸ ಮಾಡಿದರು, ಇಲ್ಲ ಅನ್ನುವುದಿಲ್ಲ. ಆದರೆ ಬಂದವರು ನೋಡಿದ್ದು ಕಲ್ಲನ್ನು. ಮನುಷ್ಯರು ಕಂಬದ ಎತ್ತರ ತೋರಿಸುವ ಅಳತೆಗೋಲಾಗಿ ನಿಂತರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಜನರನ್ನು ಹೆಸರು ಕೇಳಿ, ಸ್ಟೂಲ್ ಮೇಲೆ ಕೂಡಿಸಿ, "ಇತ್ತ ನೋಡ್ರಿ, ಕಣ್ಣ ಮುಚ್ಚಬ್ಯಾಡ್ರಿ" ಅಂತ ಹೇಳಿ ತೆಗೆದವರು ತಾಲೂಕಿನ ಸ್ಟುಡಿಯೋದವರು. ಒಬ್ಬ ಕೂಲಿ ಹೆಣ್ಣುಮಗಳ ಇಡೀ ಬದುಕಿನ ಒಂದೇ ಫೋಟೋ ಆ ಡಬ್ಬಿಯಲ್ಲಿ ಇರಬಹುದು. ತಾರಕೇಶ್ವರನ ಚಿತ್ರ ಲಂಡನ್ನಿನಲ್ಲೂ ಸಿಗುತ್ತದೆ. ಅವಳದು ಆ ಅಟ್ಟ ಬಿಟ್ಟು ಬೇರೆಲ್ಲೂ ಇಲ್ಲ.

ಅಟ್ಟ ಕಾಯುವುದಿಲ್ಲ. ನಮ್ಮ ಸ್ಟುಡಿಯೋಗಳ ಹೆಚ್ಚಿನ ಫಿಲ್ಮ್ ಅಸಿಟೇಟ್ ತಳದ್ದು. ಸೆಕೆ, ತೇವ ತಾಗಿ ಅದು ಕೊಳೆಯಲು ಶುರುವಾದರೆ ಒಳಗಿಂದ ವಿನೆಗರ್ ವಾಸನೆ ಬರುತ್ತದೆ. ಹೊರಬಿದ್ದ ಆಮ್ಲ ಕೊಳೆತವನ್ನು ಇನ್ನಷ್ಟು ಜೋರು ಮಾಡುತ್ತದೆ, ಅದೇ ಡಬ್ಬಿಯಲ್ಲಿರುವ ಪಕ್ಕದ ಫಿಲ್ಮ್‌ಗೂ ಅಂಟುತ್ತದೆ. ಫಿಲ್ಮ್ ಕುಗ್ಗಿ, ಸೊಟ್ಟಗಾಗಿ, ಮೇಲಿನ ಪದರ ಹಪ್ಪಳದಂತೆ ಏಳುತ್ತದೆ. ಹಾಂ, ಗುಜರಿಯವರೂ ಇದ್ದಾರೆ. ಬೆಳ್ಳಿಗಾಗಿ ಹಳೆ ಎಕ್ಸ್‌ರೇ ಕೊಳ್ಳುವವರಿಗೆ ನೆಗೆಟಿವ್ ಕೂಡ ಅದೇ ಸರಕು. ಮಗ ಅಟ್ಟ ಖಾಲಿ ಮಾಡಿದ ದಿನ ಕಿಲೋ ಲೆಕ್ಕದಲ್ಲಿ ಒಂದು ಊರಿನ ಮುಖಗಳು ಹೋಗುತ್ತವೆ. ಮಗನನ್ನು ಬೈಯಬೇಡಿ. ಅವನಿಗೆ ಜೆರಾಕ್ಸ್ ಪೇಪರ್ ಇಡಲು ಜಾಗ ಬೇಕು.

ಉಳಿದರೆ ಏನಾಗಬಹುದು ಅನ್ನುವುದಕ್ಕೆ ಹಂಪಿ ಸಾಕ್ಷಿ. 1856ರಲ್ಲಿ ಗ್ರೀನ್‌ಲಾ ಅನ್ನುವ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ನೂರಿಪ್ಪತ್ತು ವರ್ಷ ದಾಟಿದ ಮೇಲೆ ಅವು ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಗೋಡೆ ಬಿತ್ತು, ಯಾವುದು ಉಳಿಯಿತು ಅಂತ ಕಣ್ಣಿಗೆ ಕಾಣುತ್ತದೆ. ಒಂದು ನೆಗೆಟಿವ್ ಉಳಿಯುವುದು, ಅದರಿಂದ ಚಿತ್ರ ತೆಗೆಯಬಲ್ಲವರು ಇರುವುದು, ಎರಡೂ ಕೂಡಿದರೆ ಮಾತ್ರ ಇದು ಸಾಧ್ಯ.

"ಸ್ಕ್ಯಾನ್ ಮಾಡಿದರೆ ಆಯಿತಲ್ಲ ಸರ್?" ಇದು ನಮ್ಮ ಇಂಜಿನಿಯರ್ ಬಳಗದ ಪ್ರಶ್ನೆ, ಸರಿಯಾದ ಪ್ರಶ್ನೆ. ಮಾಡಿ. ಇವತ್ತೇ ಮಾಡಿ. ಸ್ಕ್ಯಾನರ್ ಇಲ್ಲವೆಂದರೆ ಬೆಳಕಿನ ಹಲಗೆಯ ಮೇಲಿಟ್ಟು ಕ್ಯಾಮೆರಾದಲ್ಲಿ ಹಿಡಿಯಿರಿ. ಕೊಳೆಯುವ ಫಿಲ್ಮ್‌ಗೆ ಮೊದಲ ಔಷಧ ಅದೇ. ಆದರೆ ಆಟೋ ಒತ್ತಿದ ಸ್ಕ್ಯಾನಿನಲ್ಲೂ ರುಮಾಲು ಸುಣ್ಣ, ಮುಖ ಇದ್ದಿಲು. ಯಾವ ನೆಗೆಟಿವ್‌ನಲ್ಲಿ ಎಷ್ಟು ಅಡಗಿದೆ, ಮುಖಕ್ಕೆ ಎಷ್ಟು ತಡೆಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಪ್ರಿಂಟ್ ಮಾಡಿ ಪಳಗಿದ ಕಣ್ಣಿಗೆ ಗೊತ್ತು. ಆ ಕಣ್ಣು ಬಂದ ಮೇಲೆ ಕೆಲಸವನ್ನು ಕಂಪ್ಯೂಟರ್‌ನಲ್ಲೇ ಮಾಡಿ, ನನ್ನದೇನೂ ಅಡ್ಡಿಯಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ಎಷ್ಟು ಜನರ ಹತ್ತು ವರ್ಷದ ಹಿಂದಿನ ಹಾರ್ಡ್‌ಡಿಸ್ಕ್ ಇವತ್ತು ತೆರೆಯುತ್ತದೆ? ಚೆನ್ನಾಗಿ ತೊಳೆದ ಬೆಳ್ಳಿಯ ಪ್ರಿಂಟ್ ನೋಡಲು ಪಾಸ್‌ವರ್ಡ್ ಬೇಡ, ಚಾರ್ಜರ್ ಬೇಡ. ಗೋಡೆ ಸಾಕು.

ಹಾಗಾದರೆ ಮಾಡುವುದೇನು? ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಎನ್‌ಲಾರ್ಜರ್ ಕೊಳ್ಳುವ ಮೊದಲು ನಿಮ್ಮ ತಾಲೂಕಿನ ಹಳೆಯ ಸ್ಟುಡಿಯೋ ಹುಡುಕಿ. ಅವರಲ್ಲೇ ಒಂದು ಎನ್‌ಲಾರ್ಜರ್ ಗೋಣಿ ಹೊದ್ದು ಕೂತಿರಬಹುದು. ಹಾನಗಲ್ ನನ್ನ ತಾಲೂಕು, ಅದಕ್ಕೆ ಆ ಬಸ್ಸಿನ ಹೆಸರು ಹೇಳಿದೆ. ನಿಮ್ಮದು ಸಿಂದಗಿ ಇರಬಹುದು, ಪಾವಗಡ ಇರಬಹುದು, ಬಸ್ ಇದ್ದೇ ಇದೆ.

ಎರಡು, ಕಲಿಸಿದವರಿಗೆ ದುಡ್ಡು ಕೊಡಿ. ಬೆಂಗಳೂರಿನ ಶನಿವಾರಕ್ಕೆ ಎಷ್ಟು ಕೊಡುತ್ತೀರೋ ಅಷ್ಟನ್ನೇ, ಚೌಕಾಸಿ ಇಲ್ಲದೆ. "ಕಾಕಾ, ನಿಮ್ಮ ಆಶೀರ್ವಾದ ಇರಲಿ" ಅಂತ ಕಾಲು ಮುಟ್ಟಿ, ಸೆಲ್ಫಿ ತೆಗೆದುಕೊಂಡು ಬರುವುದು ಗೌರವ ಅಲ್ಲ, ಪುಕ್ಕಟೆ. ಅವರ ನೆಗೆಟಿವ್ ಅವರದೇ. ಹೊತ್ತುಕೊಂಡು ಬರಬೇಡಿ, ಕೇಳದೆ ಪೋಸ್ಟ್ ಮಾಡಬೇಡಿ. ಆ ಮುಖಗಳ ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ.

ಮೂರು, ಕಲಿಯುವುದಿದ್ದರೆ ಪೂರ್ತಿ ಕಲಿಯಿರಿ. ಪುಡಿ ತೂಗಿ, ಪಟ್ಟಿ ಕತ್ತರಿಸಿ, ಕೈಗವಸು ಇಲ್ಲವೇ ಇಕ್ಕಳ ಬಳಸಿ. ಹಳೆ ಹೈಪೋವನ್ನು ಮೋರಿಗೆ, ಬಾವಿ ಬದಿಗೆ ಸುರಿಯಬೇಡಿ. ಅದರಲ್ಲಿ ಬೆಳ್ಳಿ ಇರುತ್ತದೆ. ಕ್ಯಾನಿನಲ್ಲಿ ಸೇರಿಸಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡಿ. ಮತ್ತು ನಿಮ್ಮ ಕಬ್ಬನ್ ಪಾರ್ಕಿನ ಬೆಂಚಿನ ಫೋಟೋ ಬದಲು ಆ ಡಬ್ಬಿಯ ರುಮಾಲಿನವರನ್ನು ಪ್ರಿಂಟ್ ಮಾಡಿ. ಕಲಿಯಲು ಅದಕ್ಕಿಂತ ಗಟ್ಟಿ ಪಾಠ ಇಲ್ಲ. ಎರಡು ಪ್ರತಿ ಮಾಡಿ: ಒಂದು ಮನೆಯವರಿಗೆ, ಒಂದು ಹಿ೦ದೆ ಹೆಸರು, ಊರು, ಇಸವಿ ಬರೆದು ಇಡಲು. ಹೆಸರು ಹೇಳಬಲ್ಲವರು ಹೋದ ಮೇಲೆ ಎಂಥ ಒಳ್ಳೆ ಪ್ರಿಂಟ್ ಇದ್ದರೂ ಅದು ಬರೀ 'ಅಪರಿಚಿತ ರೈತ'.

ನಾಲ್ಕು, ಇದು ಬರೀ ನಾವು-ನೀವು ಮಾಡುವ ಕೆಲಸ ಅಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಜಾನಪದ ಅಂದರೆ ಹಾಡು, ಕುಣಿತ, ಕುಡಗೋಲು ಇಷ್ಟೇ ಅಲ್ಲ. ಬರೆದ ಹಂಸದ ಮುಂದೆ, ಸಾಲದ ಕೋಟು ತೊಟ್ಟು, ಉಸಿರು ಬಿಗಿಹಿಡಿದು ಕೂತದ್ದೂ ಜಾನಪದವೇ. ಒಂದು ಒಣ ಕೋಣೆ, ತಂಪಿನ ವ್ಯವಸ್ಥೆ, ನಾಲ್ಕು ಕಪಾಟು, ಊರೂರು ತಿರುಗಿ ಡಬ್ಬಿ ಹುಡುಕುವ ಇಬ್ಬರು ವಿದ್ಯಾರ್ಥಿಗಳು: ಹಾವೇರಿ ಜಿಲ್ಲೆಗೆ ಶುರುವಾತಿಗೆ ಇಷ್ಟು ಸಾಕು. ಅಲ್ಲೇ ಒಂದು ಡಾರ್ಕ್‌ರೂಮ್ ಹಾಕಿ ಕಾಕಾಗಳನ್ನು ಮೇಷ್ಟ್ರು ಮಾಡಿ, ಹೆಣ್ಣುಮಕ್ಕಳಿಗೂ ಬಾಗಿಲು ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಕೇಳೋಣ, ಜೋರಾಗಿ ಕೇಳೋಣ.

ಕಾಕಾಗಳ ವಯಸ್ಸು ಎಪ್ಪತ್ತು. ಡಬ್ಬಿಗಳು ವಿನೆಗರ್ ವಾಸನೆ ಹೊಡೆಯುತ್ತಿವೆ. ಅಟ್ಟ ಖಾಲಿ ಮಾಡಲು ದೀಪಾವಳಿ ಬಂದರೆ ಸಾಕು. ಮುಂದಿನ ಶನಿವಾರ ರಜೆ ಇದೆಯಲ್ಲ?